ಬಯಲಿಗೆ ಹೊರಟ ಕುದುರೆ ಹಗ್ಗ ಜಗ್ಗಿದರೆ

ಪಂದ್ಯದಿಂದ ನಿವೃತ್ತಿಯಾದ ಕುದುರೆಯನ್ನು ತಂದು ತೋಟದ ಮನೆಯಲ್ಲಿ ಸಾಕುವವರು ಈಗ ಬೆಂಗಳೂರು, ಮೈಸೂರಿನ ಸುತ್ತಮುತ್ತ ಇದ್ದಾರೆ. ಅವರಲ್ಲಿ ಹಲವರು ಬಂದು ಹೇಳಿಕೊಳ್ಳುವ ಕಷ್ಟ ಒಂದೇ. ಲಾಯದಲ್ಲಿ ಮಾಲೀಸು ಮಾಡಿಸಿಕೊಳ್ಳುತ್ತಾ ಅರೆಗಣ್ಣು ಮುಚ್ಚಿ ನಿಲ್ಲುವ ಪ್ರಾಣಿ, ಬೆಳಿಗ್ಗೆ ಹಗ್ಗ ಹಿಡಿದು ಬಯಲಿಗೆ ಹೊರಡಿಸಿದ ಕೂಡಲೇ ಭುಜದಿಂದ ನೂಕುತ್ತದೆ, ಸುತ್ತು ತಿರುಗುತ್ತದೆ, ಮುಂಗಾಲೆತ್ತಿ ನಿಲ್ಲುತ್ತದೆ, ಗೇಟು ಕಂಡರಂತೂ ಹಗ್ಗ ಕಿತ್ತುಕೊಂಡು ಓಡುತ್ತದೆ. ಕೊನೆಗೆ ಯಾರಾದರೂ ಬಂದು, "ಇದರ ಸುಳಿಯೇ ಸರಿಯಿಲ್ಲ, ಮಾರಿಬಿಡಿ" ಎನ್ನುತ್ತಾರೆ. ನಮ್ಮದು ಜಟಕಾ ಕುದುರೆ ಸಾಕಿದ ಮನೆ. ಗಾಡಿ ಹೊಡೆಯುವುದು ಮಾವನವರ ಕೆಲಸ. ಮೇವು, ನೀರು, ಮೇಯಲು ಕರೆದೊಯ್ಯುವುದು ಮನೆಯ ಹೆಂಗಸರ ಪಾಲು. ಸುಳಿಯನ್ನು ದೂರಿ ಕುದುರೆಯನ್ನು ದಾಟಿಸುವ ಮೊದಲು ಈ ನಾಲ್ಕು ಮಾತು ಕೇಳಿ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕುದುರೆಯ ಪಾಲಿಗೆ ಹಗ್ಗ ಸಡಿಲವಾಗುವುದೇ ದೊಡ್ಡ ಬಹುಮಾನ. ಸಡಿಲವಾದ ಗಳಿಗೆಯಲ್ಲಿ ತಾನು ಏನು ಮಾಡುತ್ತಿತ್ತೋ ಅದನ್ನೇ ಮರುದಿನವೂ ಮಾಡುತ್ತದೆ. ಜಗ್ಗುತ್ತಿರುವಾಗ ಬಿಟ್ಟರೆ ಜಗ್ಗುವುದನ್ನು ಕಲಿಯುತ್ತದೆ, ಸುಮ್ಮನೆ ನಿಂತಾಗ ಬಿಟ್ಟರೆ ನಿಲ್ಲುವುದನ್ನು ಕಲಿಯುತ್ತದೆ. ಹಾಗಾಗಿ ದಾರಿಯುದ್ದಕ್ಕೂ ಕಾಣುವ ತಂಟೆಯ ಬೇರು ಬಹಳ ಸಲ ಗೇಟಿನ ಬಳಿ ಇರುತ್ತದೆ. ನಿನ್ನೆ ಅಲ್ಲಿ ಹೇಗೆ ಬಿಟ್ಟಿರಿ ಎಂಬುದರ ಮೇಲೆ ಇಂದು ಲಾಯದ ಬಾಗಿಲಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದು ನಿಂತಿದೆ.

ಆದರೆ ಪಾಠಕ್ಕೆ ಮೊದಲು ಮೈ ನೋಡಿ. ನಾಲ್ಕೂ ಗೊರಸುಗಳನ್ನು ಎತ್ತಿ, ಹಿಮ್ಮಡಿಯ ಕಡೆಯಿಂದ ತುದಿಯ ಕಡೆಗೆ ಕೆರೆದು ಶುಚಿ ಮಾಡಿ. ನಡುವಿನ ಮೆತ್ತನೆಯ ಭಾಗದ ಪಕ್ಕದ ಸಂದಿನಲ್ಲಿ ಒಂದು ಸಣ್ಣ ಜಲ್ಲಿಕಲ್ಲು ಸಿಕ್ಕಿಕೊಂಡಿದ್ದರೂ ಸಾಕು, ಲಾಯದ ಹುಲ್ಲಿನ ಹಾಸಿನ ಮೇಲೆ ಚೆನ್ನಾಗಿಯೇ ನಿಂತಿದ್ದ ಕುದುರೆ ಗಟ್ಟಿ ನೆಲಕ್ಕೆ ಕಾಲಿಟ್ಟ ಕೂಡಲೇ ಮೊಂಡು ಹಿಡಿಯುತ್ತದೆ. ಲಾಳದ ಮೊಳೆ ಸಡಿಲವಾಗಿದೆಯೇ, ಬೆನ್ನು ಒತ್ತಿದರೆ ಕುಗ್ಗುತ್ತದೆಯೇ, ಹಲ್ಲಿನ ಅಂಚು ಚೂಪಾಗಿ ಕೆನ್ನೆಗೆ ತಾಗುತ್ತಿದೆಯೇ ನೋಡಿಸಿ. ತಿಂಗಳುಗಟ್ಟಲೆ ನೆಟ್ಟಗೆ ನಡೆಯುತ್ತಿದ್ದ ಕುದುರೆ ಒಂದೇ ಸಲ ಕೆಟ್ಟರೆ ಅದನ್ನು ತುಂಟತನ ಎನ್ನಬೇಡಿ, ಪಶುವೈದ್ಯರನ್ನು ಕರೆಸಿ. ಹೆಣ್ಣು ಕುದುರೆಯಾದರೆ ಕ್ಯಾಲೆಂಡರ್ ಮೇಲೆ ಗುರುತು ಹಾಕಿಡಿ. ಬೆದೆಯ ಕಾಲದಲ್ಲಿ ಹೆಚ್ಚುಕಡಿಮೆ 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಐದಾರು ದಿನ ಹಾಗೆಯೇ ಇರುತ್ತದೆ. ಸಿಡುಕು ಅದೇ ದಿನಗಳಿಗೆ ಹೊಂದಿ ಬರುತ್ತಿದ್ದರೆ ಆ ದಿನಗಳಲ್ಲಿ ಎರಡು ಪಟ್ಟು ತಾಳ್ಮೆ ಬೇಕು.

ಇನ್ನು ಮೇವು. ಪಂದ್ಯದ ಲಾಯದಲ್ಲಿ ಕಾಳು ತಿಂದು ದಿನಾ ಓಡುತ್ತಿದ್ದ ಕುದುರೆಗೆ ತೋಟದಲ್ಲಿ ಅದೇ ಕಾಳು ಹಾಕಿ ಓಟವನ್ನು ಮಾತ್ರ ನಿಲ್ಲಿಸಿದರೆ ಆ ಕಸುವು ಎಲ್ಲಿಗೆ ಹೋಗಬೇಕು? ಬೇಯಿಸಿದ ಹುರುಳಿ ದುಡಿಯುವ ಕುದುರೆಗೆ ಬಲ, ದುಡಿಯದ ಕುದುರೆಗೆ ಹೊರೆ. ದುಡಿಮೆಯಿಲ್ಲದ ದಿನ ಕಾಳನ್ನು ಅರ್ಧಕ್ಕಿಳಿಸಿ. ನಮ್ಮಲ್ಲಿ ಗಾಡಿ ಕಟ್ಟದ ದಿನ ಹೀಗೆಯೇ ಮಾಡುತ್ತಿದ್ದೆವು. ಬರೀ ನಿಂತು ಪೂರ್ತಿ ಕಾಳು ತಿಂದ ಕುದುರೆಯನ್ನು ಮರುದಿನ ದುಡಿಸಿದರೆ ಸೊಂಟದ ಮಾಂಸಖಂಡಗಳು ಸೆಟೆದುಕೊಂಡು, ಮೂತ್ರ ಕಪ್ಪಾಗಿ, ಪ್ರಾಣಕ್ಕೇ ಬರುವುದುಂಟು. ಆದರೆ ಹುಲ್ಲಿನಲ್ಲಿ ಜಿಪುಣತನ ಬೇಡ. ಕುದುರೆಯ ಹೊಟ್ಟೆಯ ಚೀಲ ಅದರ ಮೈಗೆ ಹೋಲಿಸಿದರೆ ಚಿಕ್ಕದು. ಸ್ವಲ್ಪ ಸ್ವಲ್ಪವಾಗಿ ದಿನದ ಬಹುಪಾಲು ಮೇಯುತ್ತಿರುವುದೇ ಅದರ ಸ್ವಭಾವ. 450 ಕೆಜಿ ತೂಗುವ ಕುದುರೆಗೆ ದಿನಕ್ಕೆ 7ರಿಂದ 9 ಕೆಜಿ ಒಣಮೇವು ಬೇಕು. ರಾತ್ರಿಯೆಲ್ಲ ಖಾಲಿ ಗೋದಲಿಯ ಮುಂದೆ ನಿಂತದ್ದು ಬೆಳಿಗ್ಗೆ ಹಸಿರು ಕಂಡರೆ ನುಗ್ಗದೆ ಇನ್ನೇನು ಮಾಡೀತು? ಹೊರಡುವ ಮೊದಲು ಒಂದು ತೆಕ್ಕೆ ಒಣಹುಲ್ಲು ಹಾಕಿ, ಅದು ನಿಧಾನವಾಗಿ ಅಗಿಯುವವರೆಗೆ ಕಾದು, ಆಮೇಲೆ ಹಗ್ಗ ಹಿಡಿಯಿರಿ. ಅರ್ಧ ತಂಟೆ ಅಲ್ಲೇ ಇಳಿಯುತ್ತದೆ.

ಈ ಕುದುರೆಗಳ ಹಿಂದಿನ ಬದುಕನ್ನೂ ನೆನೆಯಬೇಕು. ಕುಣಿಗಲ್‌ನಂಥ ಫಾರಂಗಳಲ್ಲಿ ಹುಟ್ಟಿದ ಮರಿ ತಾಯಿಯ ಜೊತೆ ಬಯಲಿನಲ್ಲಿ ಕುಣಿದು ಬೆಳೆದಿರುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಪಂದ್ಯದ ತರಬೇತಿಗೆ ಸೇರಿದರೆ ಬೆಳಗಿನ ಓಟ ಬಿಟ್ಟು ಉಳಿದ ಹೊತ್ತೆಲ್ಲ ನಾಲ್ಕು ಗೋಡೆಯ ನಡುವೆ. ಹೊರಗೆ ಕರೆದೊಯ್ದರೆಂದರೆ ಓಡಲಿಕ್ಕೇ ಎಂದು ಅದರ ಮೈ ಕಲಿತಿರುತ್ತದೆ. ನೀವು ಮೇಯಲಿ ಎಂದು ಕರೆದೊಯ್ಯುತ್ತಿದ್ದೀರಿ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನು ದುಷ್ಟ ಎಂದು ಕರೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಗ್ಗ ಹಿಡಿಯುವ ಮುಂಚೆ ನಿಮ್ಮ ಮೈಯನ್ನೂ ಸಜ್ಜು ಮಾಡಿಕೊಳ್ಳಿ. ಹೆಬ್ಬೆರಳು ದಪ್ಪದ, ಮೂರು ಮೀಟರಿನಷ್ಟು ಉದ್ದದ ನೂಲಿನ ಹಗ್ಗ ಒಳ್ಳೆಯದು. ತೆಳ್ಳನೆಯ ನೈಲಾನ್ ಹಗ್ಗ ಒಂದು ಎಳೆತಕ್ಕೆ ಅಂಗೈ ಸುಲಿದುಬಿಡುತ್ತದೆ. ಉಂಗುರ, ಗಾಜಿನ ಬಳೆ ತೆಗೆದಿಡಿ. ಸೆರಗನ್ನು, ವೇಲನ್ನು ಬಿಗಿಯಾಗಿ ಸಿಕ್ಕಿಸಿ. ಕಾಲಿಗೆ ಚಪ್ಪಲಿ ಸಾಲದು, ಗಟ್ಟಿ ಶೂ ಬೇಕು. ಮುಂಗಾಲೆತ್ತುವ ಕುದುರೆಯಾದರೆ ಸವಾರರ ಹೆಲ್ಮೆಟ್ ಹಾಕಿಕೊಳ್ಳಲು ನಾಚಬೇಡಿ. ಮಿಕ್ಕ ಹಗ್ಗವನ್ನು ಎಡಗೈಯಲ್ಲಿ ಮಡಿಕೆ ಮಡಿಕೆಯಾಗಿ ಹಿಡಿಯಿರಿ, ಮುಂಗೈಗೆ ಎಂದೂ ಸುತ್ತಿಕೊಳ್ಳಬೇಡಿ. ಸುತ್ತಿಕೊಂಡ ಹಗ್ಗ ಬಿಗಿದರೆ ಬೆರಳು ಹೋಗುತ್ತದೆ, ಕುದುರೆ ಓಡಿದರೆ ಮನುಷ್ಯನನ್ನೇ ಎಳೆದೊಯ್ಯುತ್ತದೆ. ಮನೆಯ ಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಹೇಳಿ.

ನಡೆಸುವಾಗ ಕುದುರೆಯ ಎಡಕ್ಕೆ, ತಲೆಗೂ ಭುಜಕ್ಕೂ ನಡುವೆ, ಒಂದು ತೋಳಿನಷ್ಟು ದೂರದಲ್ಲಿರಿ. ಬಲಗೈ ಗದ್ದದಿಂದ ಒಂದು ಗೇಣು ಕೆಳಗಿರಲಿ, ಹಗ್ಗ ಸ್ವಲ್ಪ ಜೋತಾಡುತ್ತಿರಲಿ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಸುತ್ತಲಿನ ಬಹುಭಾಗ ಕಂಡರೂ ಹಣೆಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಏನೂ ಕಾಣದು. ಆ ಎರಡು ಜಾಗಗಳಲ್ಲಿ ನಿಲ್ಲಬೇಡಿ. ಅದು ಮುಂದಕ್ಕೆ ನುಗ್ಗಿದಾಗ ಹಿಂದಕ್ಕೆ ಎಳೆಯುವುದು ವ್ಯರ್ಥ, ತೂಕದಲ್ಲಿ ನಾವು ಅದಕ್ಕೆ ಲೆಕ್ಕವೇ ಅಲ್ಲ. ಎಳೆಯುವ ಬದಲು ತಿರುಗಿಸಿ. ತಲೆಯನ್ನು ನಿಮ್ಮ ಕಡೆಗೆ ತಂದು ಚಿಕ್ಕ ಸುತ್ತು ಹಾಕಿಸಿ. ಹಿಂಗಾಲು ಒಂದರ ಮುಂದೊಂದು ಅಡ್ಡ ಬಂದರೆ ಓಟದ ಬಲ ಮುರಿಯುತ್ತದೆ. ನಿಂತ ಕೂಡಲೇ ಹಗ್ಗ ಸಡಿಲಿಸಿ, ಒಂದು ಉಸಿರು ಬಿಟ್ಟು, ಮತ್ತೆ ಮುಂದೆ ನಡೆಯಿರಿ. ಐದು ಹೆಜ್ಜೆಗೊಮ್ಮೆ ಸುತ್ತು ಹಾಕಬೇಕಾಗಿ ಬಂದರೂ ಸರಿ, ಮೊದಲ ದಿನಗಳಲ್ಲಿ ಗೇಟು ತಲುಪುವುದು ತಡವಾಗಲಿ.

ಭುಜದಿಂದ ನಿಮ್ಮ ಮೇಲೆ ಬೀಳುತ್ತಿದ್ದರೆ ಪಕ್ಕಕ್ಕೆ ಸರಿದು ಜಾಗ ಕೊಡಬೇಡಿ, ಮೊಣಕೈ ಎತ್ತಿ ಅದರ ಕತ್ತಿಗೆ ತಾಗಿಸಿ. ಮತ್ತೂ ಬಿದ್ದರೆ ನಿಲ್ಲಿಸಿ ಎರಡು ಹೆಜ್ಜೆ ಹಿಂದೆ ನಡೆಸಿ. ಮೊಂಡು ಹಿಡಿದು ನಿಂತರೆ ಎದುರಿಗೆ ನಿಂತು ಜಗ್ಗಬೇಡಿ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿದರೆ ಕಾಲು ತಾನಾಗಿಯೇ ಕೀಳುತ್ತದೆ. ನಿಲ್ಲು, ಹಿಂದೆ ಸರಿ, ತಿರುಗು ಎಂಬ ಈ ಮೂರನ್ನು ದಾರಿಯಲ್ಲಿ ಕಲಿಸಲು ಹೋಗಬೇಡಿ. ಮಧ್ಯಾಹ್ನ ಯಾವ ಅವಸರವೂ ಇಲ್ಲದ ಹೊತ್ತಿನಲ್ಲಿ ಅಂಗಳದಲ್ಲೇ ಕಲಿಸಿ. ಎಲ್ಲರೂ ಒಂದೇ ಮಾತು ಬಳಸಿ. ನಿಲ್ಲಿಸಲು ತಗ್ಗಿದ ದನಿಯಲ್ಲಿ ಉದ್ದನೆಯ "ಹೋ", ನಡೆಸಲು ನಾಲಿಗೆಯ ಲೊಚಗುಟ್ಟು. ಯಜಮಾನರು ಒಂದು ಹೇಳಿ, ಕುದುರೆ ನೋಡಿಕೊಳ್ಳುವ ಕಾಸ್ತಾರ ಇನ್ನೊಂದು ಹೇಳಿದರೆ ಕುದುರೆ ಯಾರ ಮಾತನ್ನೂ ಕೇಳುವುದಿಲ್ಲ.

ಬೆದರುವುದಕ್ಕೂ ತಂಟೆ ಮಾಡುವುದಕ್ಕೂ ವ್ಯತ್ಯಾಸ ತಿಳಿದಿರಬೇಕು. ಬೆದರಿದ ಕುದುರೆ ತಲೆ ಮೇಲೆತ್ತಿ, ಎರಡೂ ಕಿವಿಗಳನ್ನು ಒಂದೇ ಕಡೆಗೆ ನೆಟ್ಟು, ಹೊಳ್ಳೆ ಅರಳಿಸಿ ನಿಲ್ಲುತ್ತದೆ. ಬೇಲಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ಪಕ್ಕದ ಹೊಲದ ಜೆಸಿಬಿ, ತಟ್ಟನೆ ಶುರುವಾದ ಪಂಪ್‌ಸೆಟ್ ಯಾವುದಾದರೂ ಸಾಕು. ಆಗ ಶಿಕ್ಷೆಯ ಮಾತೇ ಇಲ್ಲ. ಅದು ಹೆದರಿದ ವಸ್ತುವಿನ ಕಡೆಯ ಪಕ್ಕದಲ್ಲಿ ನೀವಿರಿ, ಹಾರಿದರೆ ನಿಮ್ಮಿಂದಾಚೆಗೆ ಹಾರುತ್ತದೆ. ನೋಡಲು ಬಿಡಿ, ನೋಡಿ ಮುಗಿದ ಮೇಲೆ ನಡೆಸಿ. ಕಿವಿಗಳನ್ನು ಹಿಂದಕ್ಕೆ ಅಂಟಿಸಿ, ಬಾಲವನ್ನು ಚಾಟಿಯಂತೆ ಬೀಸಿದರೆ ಅದು ಸಿಟ್ಟು, ಇಲ್ಲವೇ ನೋವು.

ಮುಂಗಾಲೆತ್ತಿ ನಿಂತಾಗ ಮಾತ್ರ ಕೈಯ ಬುದ್ಧಿ ತಪ್ಪಬಾರದು. ಹಗ್ಗವನ್ನು ಕೆಳಕ್ಕೆ ಎಳೆಯಬೇಡಿ, ಅದು ಬೆನ್ನ ಮೇಲೆ ಮಗುಚಿ ಬೀಳಬಹುದು. ಹಗ್ಗವನ್ನು ಉದ್ದಕ್ಕೆ ಬಿಡುತ್ತಾ ಪಕ್ಕಕ್ಕೆ, ಮುಂಗಾಲಿನ ಬೀಸಿನಿಂದಾಚೆಗೆ ಸರಿಯಿರಿ. ಕಾಲು ನೆಲಕ್ಕೆ ತಾಗಿದ ಕ್ಷಣವೇ ನಡೆಸಿ, ನಿಲ್ಲಲು ಬಿಡಬೇಡಿ. ಹೊಡೆಯಬೇಡಿ, ಹೊಡೆತ ತಿಂದದ್ದು ಮುಂದಿನ ಸಲ ಇನ್ನೂ ಮೇಲೆ ಏಳುತ್ತದೆ. ಕೈ ಮೀರಿದರೆ ಹಗ್ಗ ಬಿಟ್ಟುಬಿಡಿ, ಕುದುರೆಯನ್ನು ಆಮೇಲೆ ಹಿಡಿಯಬಹುದು. ಅದಕ್ಕಾಗಿಯೇ ಹೊರಡುವ ಮೊದಲು ರಸ್ತೆಯ ಕಡೆಯ ಗೇಟು ಹಾಕಿದೆಯೇ ಎಂದು ನೋಡಿಕೊಳ್ಳಬೇಕು. ದಿನಾ ಹೀಗೆ ಎದ್ದು ನಿಲ್ಲುವ ಕುದುರೆಯ ವಿಷಯದಲ್ಲಿ ಮನೆಮದ್ದು ಸಾಲದು, ಪಳಗಿದ ಕಾಸ್ತಾರನನ್ನೇ ಕರೆಸಿ.

ಈಗ ಗೇಟು. ಸಾಮಾನ್ಯವಾಗಿ ಜನ ಗೇಟು ಅರ್ಧ ತೆಗೆದು, ಕುದುರೆಯ ಮೂತಿಯನ್ನು ಒಳಗೆ ತೂರಿಸಿ, ಅಲ್ಲಿಯೇ ಕೊಕ್ಕೆ ಬಿಚ್ಚಿ, ಹಿಂಭಾಗಕ್ಕೆ ಒಂದು ಏಟು ತಟ್ಟಿ ಓಡಿಸುತ್ತಾರೆ. ಓಡು ಎಂದು ಕಲಿಸಿದವರು ನಾವೇ ಆದೆವು. ಆ ಓಟದಲ್ಲಿ ಅದು ಖುಷಿಗೆ ಹಿಂಗಾಲು ಚಿಮ್ಮಿದರೆ ಎದೆಗೋ ಮುಖಕ್ಕೋ ತಾಗುತ್ತದೆ. ಹಾಗೆ ಮಾಡದೆ ಗೇಟನ್ನು ಪೂರ್ತಿ ಅಗಲಿಸಿ, ನೀವೂ ಕುದುರೆಯೂ ಒಟ್ಟಿಗೆ ಒಳಗೆ ಹೋಗಿ, ಕುದುರೆಯನ್ನು ಸುತ್ತು ತಿರುಗಿಸಿ ಅದರ ಮುಖ ಗೇಟಿಗೆ ಬರುವಂತೆ ನಿಲ್ಲಿಸಿ. ಗೇಟು ಹಾಕಿ. ನಿಮ್ಮ ಬೆನ್ನು ಗೇಟಿನ ಕಡೆಗೆ, ಬಯಲು ಕುದುರೆಯ ಹಿಂದಕ್ಕೆ. ಹಗ್ಗವನ್ನು ಅದರ ಕತ್ತಿನ ಮೇಲೆ ಬಳಸಿ ಹಿಡಿದುಕೊಂಡು, ಮುಖಪಟ್ಟಿಯ ಕೊಂಡಿಯನ್ನು ನಿಧಾನವಾಗಿ ಬಿಚ್ಚಿ ಕಿವಿಗಳ ಮೇಲಿಂದ ಇಳಿಸಿ. ಅದು ತಲೆ ಕೊಡವಿ ಹೊರಡಲು ನೋಡಿದರೆ ಕತ್ತಿನ ಹಗ್ಗ ಒಂದು ಕ್ಷಣ ತಡೆಯಲಿ. ತಲೆ ತಗ್ಗಿ, ಬಾಯಿ ಆಡಿಸಿ, ನೀಳವಾಗಿ ಉಸಿರು ಬಿಟ್ಟರೆ ಅಂಗೈಯಲ್ಲಿ ಚಿಟಿಕೆ ಬೆಲ್ಲ ಕೊಡಿ. ಅದು ನೆಕ್ಕುತ್ತಿರುವಾಗಲೇ ಹಗ್ಗ ಜಾರಿಸಿ, ನೀವೇ ಮೊದಲು ಹಿಂದೆ ಸರಿದು ಹೊರಗೆ ಬನ್ನಿ. ಕುದುರೆ ನಿಮ್ಮನ್ನು ಬಿಟ್ಟು ಹೋಗಬಾರದು, ನೀವು ಕುದುರೆಯನ್ನು ಬಿಟ್ಟು ಬರಬೇಕು. ಆಮೇಲೆ ಅದು ತಿರುಗಿ ನಾಗಾಲೋಟ ಹೊಡೆದರೂ ನೀವು ಒದೆತದ ದೂರ ದಾಟಿರುತ್ತೀರಿ. ಎರಡು ಮೂರು ಕುದುರೆಗಳಿದ್ದರೆ ಒಬ್ಬೊಬ್ಬರು ಒಂದೊಂದನ್ನು ಹಿಡಿದು, ದೂರ ದೂರ ನಿಂತು, ಎಲ್ಲರೂ ಒಟ್ಟಿಗೆ ಬಿಡಬೇಕು. ಒಂಟಿ ಕುದುರೆ ಬಯಲಿಗೆ ಹೋಗಲು ಅಳುಕಿದರೆ ಮುಂದೆ ಒಂದು ಶಾಂತ ಸ್ವಭಾವದ ಮುದಿ ಕುದುರೆಯನ್ನು ನಡೆಸಿ. ಅದೂ ಇಲ್ಲವಾದರೆ ಒಂದು ಮೇಕೆಯ ಜೊತೆಯೂ ಆಗುತ್ತದೆ. ಪಂದ್ಯದ ಕುದುರೆಗಳಿಗೆ ಮೇಕೆಯನ್ನು ಜೊತೆಗಿಡುವ ರೂಢಿ ಹಳೆಯದು.

ಬಯಲೂ ಯೋಗ್ಯವಾಗಿರಬೇಕು. ಮುಳ್ಳುತಂತಿಯ ಬೇಲಿ ಕುದುರೆಗೆ ಶತ್ರು, ಓಟದ ಭರದಲ್ಲಿ ಅದು ಕಾಣುವುದೇ ಇಲ್ಲ. ಒಳಗಡೆ ಮರದ ಅಡ್ಡಪಟ್ಟಿ ಹಾಕಿಸಿ, ಅಲ್ಲಿಯವರೆಗೆ ಬಿಳಿ ಬಟ್ಟೆಯ ಪಟ್ಟಿಗಳನ್ನಾದರೂ ಕಟ್ಟಿ. ಅಂದಕ್ಕೆಂದು ಬೇಲಿಗೆ ನೆಟ್ಟ ಕಣಗಲೆಯನ್ನು ಇಂದೇ ಕೀಳಿಸಿ. ಅದರ ಎಲೆ ಹಸಿಯಾಗಿರಲಿ, ಒಣಗಿರಲಿ, ಕುದುರೆಗೆ ವಿಷ. ಹರಳು ಗಿಡವೂ ಇರಬಾರದು. ಒಣಮೇವಿನಲ್ಲಿದ್ದ ಕುದುರೆಯನ್ನು ಮುಂಗಾರಿನ ಎಳೆ ಹುಲ್ಲಿಗೆ ಒಮ್ಮೆಲೇ ಬಿಟ್ಟರೆ ಹೊಟ್ಟೆಶೂಲೆ, ಗೊರಸಿನ ಉರಿಯೂತ ಎರಡೂ ಬರಬಹುದು. ಮೊದಲ ದಿನ ಹದಿನೈದು ನಿಮಿಷ, ಅದೂ ಹಗ್ಗ ಕೈಯಲ್ಲೇ ಇರಲಿ, ತಲೆ ಬಗ್ಗಿಸಿ ಮೇಯಲಿ. ಎರಡು ವಾರಗಳಲ್ಲಿ ನಿಧಾನವಾಗಿ ಹೊತ್ತು ಹೆಚ್ಚಿಸಿ. ಹೀಗೆ ಹಗ್ಗದ ಜೊತೆ ಮೇಯಿಸುವುದರಿಂದ ಇನ್ನೊಂದು ಲಾಭವಿದೆ: ನಿಮ್ಮ ಜೊತೆ ಬಯಲಿಗೆ ಹೋದರೆ ತಲೆ ತಗ್ಗಿಸಿ ಮೇಯುವುದು, ತಲೆಯೆತ್ತಿ ಓಡುವುದಲ್ಲ ಎಂಬುದು ಅದಕ್ಕೆ ಮನದಟ್ಟಾಗುತ್ತದೆ.

ಸಂಜೆ ಹಿಡಿಯಲು ಹೋದಾಗ ಓಡಿಹೋಗುವ ಕುದುರೆಗೆ ಉಪಾಯ ಬೇರೆ. ಹಗ್ಗ ಕಂಡರೆ ಮೇಯುವುದು ಮುಗಿಯಿತು ಎಂದು ಅದು ತಿಳಿದಿದೆ. ದಿನದ ನಡುವೆ ಒಮ್ಮೆ ಹೋಗಿ, ಭುಜದ ಕಡೆಯಿಂದ ಹತ್ತಿರವಾಗಿ, ಕತ್ತೂ ಬೆನ್ನೂ ಸೇರುವ ಎತ್ತರದ ಜಾಗವನ್ನು ಬೆರಳುಗಳಿಂದ ಚೆನ್ನಾಗಿ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಕಚ್ಚಿ ಕೆರೆದುಕೊಳ್ಳುವುದೂ ಅಲ್ಲಿಯೇ. ಮೇಲ್ತುಟಿ ಉದ್ದವಾಗಿ ನಡುಗತೊಡಗಿದರೆ ಸರಿಯಾದ ಜಾಗ ಸಿಕ್ಕಿತು ಎಂದು ಅರ್ಥ. ಮುಖಪಟ್ಟಿ ಹಾಕಿ, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಬಿಚ್ಚಿ ಬಿಟ್ಟು ಬನ್ನಿ. ವಾರದಲ್ಲಿ ಕೆಲವು ದಿನ ಹೀಗೆ ಮಾಡಿದರೆ, ಸಂಜೆ ನೀವು ಹಗ್ಗ ಹಿಡಿದು ನಿಂತಾಗ ಅದೇ ನಿಮ್ಮತ್ತ ನಡೆದು ಬರುವ ಸಂಭವ ಹೆಚ್ಚು.