ರಿಮಾಂಡ್ ಆದ ಮೇಲೆ ಹೇಬಿಯಸ್ ಕಾರ್ಪಸ್ ಹಾಕಿದಾಗ ಏನಾಯಿತು: ನನ್ನ ಅನುಭವ

2019ರ ಮಳೆಗಾಲ. ಬೆಳಿಗ್ಗೆ ಆಫೀಸಿನ ಬೀಗ ತೆಗೆಯುವ ಮೊದಲೇ ಒಬ್ಬ ತಾಯಿ ಕಟ್ಟೆ ಮೇಲೆ ಕೂತಿದ್ದರು. "ವಕೀಲ್ರ, ಮೊನ್ನಿ ರಾತ್ರಿ ನನ್ನ ಮಗನ್ನ ಕರ್ಕೊಂಡ್ ಹೋಗ್ಯಾರ್ರಿ. ಸ್ಟೇಷನ್ನಾಗ ಕೇಳಿದ್ರ ಇಲ್ಲಿ ಇಲ್ಲ ಅಂತಾರ್ರಿ" ಅಂದರು. ಲೆಕ್ಕ ಹಾಕಿದೆ. 24 ಗಂಟೆ ದಾಟಿ ಹೋಗಿತ್ತು. ಸಂವಿಧಾನದ 22(2)ನೇ ವಿಧಿ ಪ್ರಕಾರ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಲೇಬೇಕು. ಹೇಬಿಯಸ್ ಕಾರ್ಪಸ್ ಅಂದರೆ ಅಕ್ರಮವಾಗಿ ಹಿಡಿದಿಟ್ಟವರನ್ನು ಕೋರ್ಟ್ ಮುಂದೆ ತರಿಸಿ ಬಿಡಿಸಲು ಹಾಕುವ ಅರ್ಜಿ. ಇದಕ್ಕಿಂತ ಗಟ್ಟಿ ಹೇಬಿಯಸ್ ಕಾರ್ಪಸ್ ಕೇಸ್ ಇನ್ನೊಂದು ಸಿಗುವುದಿಲ್ಲ ಅಂದುಕೊಂಡೆ.

ಇಡೀ ದಿನ ಕೂತು ಅರ್ಜಿ ಬರೆದೆ. ತಾಯಿಯ ಅಫಿಡವಿಟ್ ಮಾಡಿಸಿ ಸಂಜೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಸಲ್ಲಿಸಿದೆ. ಮರುದಿನ ವಿಭಾಗೀಯ ಪೀಠದ ಮುಂದೆ ನಿಂತಾಗ ಸರ್ಕಾರಿ ವಕೀಲರು ಎದ್ದು ಒಂದು ಹಾಳೆ ಕೊಟ್ಟರು. ಹಿಂದಿನ ರಾತ್ರಿಯೇ ಹುಡುಗನನ್ನು ಮ್ಯಾಜಿಸ್ಟ್ರೇಟರ ಮನೆಗೆ ಕರೆದುಕೊಂಡು ಹೋಗಿದ್ದರು. ಬಂಧನದ ಸಮಯ ಅಂತ ಅದೇ ದಿನದ ಮಧ್ಯಾಹ್ನ ಬರೆದಿದ್ದರು. ರಿಮಾಂಡ್, ಅಂದರೆ ನ್ಯಾಯಾಂಗ ಬಂಧನಕ್ಕೆ ಕಳಿಸುವ ಮ್ಯಾಜಿಸ್ಟ್ರೇಟರ ಆದೇಶವೂ ಆಗಿತ್ತು.

"ಈಗ ಅವನು ಯಾರ ವಶದಲ್ಲಿದ್ದಾನೆ? ಈ ರಿಮಾಂಡ್ ಆದೇಶವನ್ನು ನೀವು ಪ್ರಶ್ನೆ ಮಾಡಿದ್ದೀರಾ?" ಅಂತ ಪೀಠ ಕೇಳಿತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಆದೇಶದ ಪ್ರತಿಯನ್ನೇ ನಾನು ನೋಡಿರಲಿಲ್ಲ. ಬೇರೆ ಪರಿಹಾರ ಕೇಳುವ ಅವಕಾಶ ಉಳಿಸಿಕೊಂಡು ಅರ್ಜಿ ವಾಪಸ್ ಪಡೆದೆ. ಹೊರಗೆ ಬಂದಾಗ ಆ ತಾಯಿ "ಮಗಾ ಸಿಕ್ಕನಲ್ರಿ, ಬಿಡ್ತಾರ?" ಅಂದರು. ಸಿಕ್ಕಿದ್ದೇನೋ ನಿಜ. ಬಿಡುಗಡೆ ಬೇರೆ ದಾರಿಯಲ್ಲಿ ಕೇಳಬೇಕು ಅನ್ನುವುದನ್ನು ಅವರಿಗೆ ಅರ್ಥ ಮಾಡಿಸಲು ನನಗೆ ಅರ್ಧ ಗಂಟೆ ಬೇಕಾಯಿತು.

ಆಮೇಲೆ ಕೂತು ತೀರ್ಪುಗಳನ್ನು ಸರಿಯಾಗಿ ಓದಿದೆ. ಮನುಭಾಯಿ ರತಿಲಾಲ್ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿತ್ತು. ಅಧಿಕಾರ ಇರುವ ಮ್ಯಾಜಿಸ್ಟ್ರೇಟ್ ಆದೇಶ ಮಾಡಿ ಕಸ್ಟಡಿಗೆ ಕೊಟ್ಟ ಮೇಲೆ ಹೇಬಿಯಸ್ ಕಾರ್ಪಸ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆ ಆದೇಶಕ್ಕೆ ಅಧಿಕಾರವೇ ಇರಲಿಲ್ಲ, ಅಥವಾ ಅದು ಪೂರ್ತಿ ಕಾನೂನುಬಾಹಿರ, ಅಥವಾ ತಲೆ ಓಡಿಸದೆ ಯಾಂತ್ರಿಕವಾಗಿ ಮಾಡಿದ್ದು ಅಂತ ತೋರಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. 2021ರ ಗೌತಮ್ ನವಲಖಾ ತೀರ್ಪಿನಲ್ಲೂ ಇದೇ ಮಾತು ಬಂತು. ಅಂದರೆ ಮೊದಲ 24 ಗಂಟೆಯಲ್ಲಿ ತಪ್ಪಾಗಿದ್ದರೂ, ಅರ್ಜಿ ವಿಚಾರಣೆಗೆ ಬರುವ ಹೊತ್ತಿಗೆ ಸರಿಯಾದ ರಿಮಾಂಡ್ ಆದೇಶ ಇದ್ದರೆ ಕೋರ್ಟ್ ಅದನ್ನೇ ನೋಡುತ್ತದೆ. ನನಗೆ ಇದು ಈಗಲೂ ಪೂರ್ತಿ ಒಪ್ಪಿಗೆ ಇಲ್ಲ. ಬಂಧನದ ಸಮಯವನ್ನು ಹಿಂದೆ ಮುಂದೆ ಬರೆಯುವವರಿಗೆ ಇದರಿಂದ ಧೈರ್ಯ ಬರುತ್ತದೆ ಅಲ್ವಾ? ಆದರೆ ಕಕ್ಷಿದಾರನ ದಿನಗಳು ಜೈಲಿನಲ್ಲಿ ಹೋಗುತ್ತಿರುವಾಗ ಇರುವ ಕಾನೂನಿನ ಮೇಲೆಯೇ ಕೆಲಸ ಮಾಡಬೇಕು.

ಜನ ಇನ್ನೊಂದು ಕಡೆ ಗೊಂದಲ ಮಾಡಿಕೊಳ್ಳುತ್ತಾರೆ. ಗೂಂಡಾ ಕಾಯ್ದೆಯಂತಹ ಮುಂಜಾಗ್ರತಾ ಬಂಧನದಲ್ಲಿ, ಅಂದರೆ ಮುಂದೆ ಅಪರಾಧ ಮಾಡಬಹುದು ಅಂತ ಮೊದಲೇ ಹಿಡಿದಿಡುವಲ್ಲಿ, ರಿಮಾಂಡ್ ಅನ್ನುವುದೇ ಇರುವುದಿಲ್ಲ. ಹಾಗಾಗಿ ಅಲ್ಲಿ ಹೇಬಿಯಸ್ ಕಾರ್ಪಸ್ಸೇ ಮುಖ್ಯ ದಾರಿ. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧನವಾದ ವಾಜಪೇಯಿ, ಅಡ್ವಾಣಿಯವರು ನಮ್ಮ ಹೈಕೋರ್ಟಿಗೆ ಬಂದದ್ದು ಅಂಥ ಬಂಧನದ ವಿರುದ್ಧ. ಆ ಉದಾಹರಣೆ ಹಿಡಿದುಕೊಂಡು "ನಮಗೂ ಹಾಕಿ ಸಾರ್" ಅನ್ನುವವರು ಬರುತ್ತಾರೆ. ಎಫ್‌ಐಆರ್ ಆಗಿ, ರಿಮಾಂಡ್ ಆದ ಮಾಮೂಲಿ ಕ್ರಿಮಿನಲ್ ಕೇಸ್ ಬೇರೆ. ಕೇಸೇ ಸುಳ್ಳು ಅನ್ನುವುದಾದರೆ ರದ್ದತಿ ಅರ್ಜಿ, ಹೊರಗೆ ಬರಬೇಕಾದರೆ ಜಾಮೀನು ಅರ್ಜಿ. ಇವೆರಡನ್ನೂ ಹೇಬಿಯಸ್ ಕಾರ್ಪಸ್ ಒಳಗೆ ತುಂಬಲು ಆಗುವುದಿಲ್ಲ.

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಕೆಳಗಿನ ಕೋರ್ಟುಗಳಲ್ಲಿ ಜಾಮೀನು ಸಿಗಲಿಲ್ಲ. ಆದರೆ ಅವನ ಮೇಲಿದ್ದ ಕಲಂಗಳಿಗೆ ಗರಿಷ್ಠ 7 ವರ್ಷ ಶಿಕ್ಷೆ. ಆಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನು ಸಿಆರ್‌ಪಿಸಿ ಕಲಂ 167, ಅದರ ಜಾಗಕ್ಕೆ ಬಂದ ಈಗಿನ ಬಿಎನ್‌ಎಸ್‌ಎಸ್ 187ರ ಪ್ರಕಾರ ಅಂಥದ್ದಕ್ಕೆ 60 ದಿನದೊಳಗೆ ಪೊಲೀಸರ ಆರೋಪಪಟ್ಟಿ, ಅಂದರೆ ಚಾರ್ಜ್‌ಶೀಟ್ ಬರಬೇಕು. ಬರದಿದ್ದರೆ ಜಾಮೀನು ಹಕ್ಕು. ಜೀವಾವಧಿಯಂತಹ ದೊಡ್ಡ ಅಪರಾಧಗಳಿಗೆ 90 ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಟ್ಟೆ. ರಿಮಾಂಡ್ ಆದ ದಿನವನ್ನೂ ಎಣಿಸಬೇಕೇ ಅನ್ನುವ ಜಗಳ ಆಗ ಇತ್ತು. 2023ರ ಕಪಿಲ್ ವಾಧವಾನ್ ತೀರ್ಪು ಅದನ್ನು ಮುಗಿಸಿತು, ಆ ದಿನವನ್ನೂ ಸೇರಿಸಿಯೇ ಎಣಿಸಬೇಕು. ಜುಲೈ 1ಕ್ಕೆ ರಿಮಾಂಡ್ ಆದರೆ ಆಗಸ್ಟ್ 29ಕ್ಕೆ 60 ತುಂಬುತ್ತದೆ, ಆಗಸ್ಟ್ 30ರ ಬೆಳಿಗ್ಗೆ ಹಕ್ಕು ಹುಟ್ಟುತ್ತದೆ. ನಾನು ಆಗ ಜಗಳಕ್ಕೆ ಅವಕಾಶ ಕೊಡಬಾರದು ಅಂತ ಒಂದು ದಿನ ಜಾಸ್ತಿ ಬಿಟ್ಟು, ಕೋರ್ಟ್ ಶುರುವಾಗುತ್ತಿದ್ದಂತೆ ಅರ್ಜಿ ಕೊಟ್ಟೆ. ಮಧ್ಯಾಹ್ನ ಚಾರ್ಜ್‌ಶೀಟ್ ಬಂತು. ಅರ್ಜಿ ಮೊದಲು ಬಿದ್ದಿತ್ತು, ಹಾಗಾಗಿ ಹುಡುಗ ಹೊರಗೆ ಬಂದ. ಆ ಒಂದು ದಿನ ಕಾದದ್ದು ಅಪಾಯ ಅಂತ ಈಗ ಅನಿಸುತ್ತದೆ, ಏಕೆಂದರೆ ಚಾರ್ಜ್‌ಶೀಟ್ ಮೊದಲು ಬಿದ್ದಿದ್ದರೆ ಆ ಹಕ್ಕೇ ಹೋಗುತ್ತಿತ್ತು.

ಈಗ ನನ್ನ ಕೆಲಸದ ಕ್ರಮವೇ ಬದಲಾಗಿದೆ. "ಕರ್ಕೊಂಡು ಹೋಗಿದಾರೆ" ಅಂತ ಫೋನ್ ಬಂದ ಕೂಡಲೇ ಮೊದಲು ಮನೆಯವರ ಕೈಯಲ್ಲಿ ಎಸ್‌ಪಿ ಕಚೇರಿಗೆ ಇಮೇಲ್ ಹಾಕಿಸುತ್ತೇನೆ, ಯಾವಾಗ, ಎಲ್ಲಿಂದ, ಯಾರ ಎದುರಿಗೆ ಅಂತ ಬರೆದು. ಆ ಇಮೇಲ್ ಹೋದ ಸಮಯವನ್ನು ಆಮೇಲೆ ಯಾರೂ ತಿದ್ದಲು ಆಗುವುದಿಲ್ಲ. ಹತ್ತಿರದ ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮೊದಲು ತೆಗೆದಿಡಿ ಅನ್ನುತ್ತೇನೆ. ವ್ಯಕ್ತಿ ಎಲ್ಲೂ ಪತ್ತೆ ಇಲ್ಲದಿದ್ದರೆ ಹೇಬಿಯಸ್ ಕಾರ್ಪಸ್ ಈಗಲೂ ಹಾಕುತ್ತೇನೆ. ಎಷ್ಟೋ ಸಲ ಅರ್ಜಿ ಹಾಕಿದ ಸುದ್ದಿ ಕೇಳಿಯೇ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡುತ್ತಾರೆ, ಅದೂ ಸಣ್ಣ ಮಾತಲ್ಲ. ಆದರೆ ನಾನು ಅಷ್ಟೊತ್ತಿಗೆ ಮ್ಯಾಜಿಸ್ಟ್ರೇಟರ ಮನೆಯ ಗೇಟಿನ ಹತ್ತಿರ ವಕಾಲತ್ತು ಹಿಡಿದು ನಿಂತಿರಬೇಕು.

2025ರಲ್ಲಿ ಒಂದು ಭಾನುವಾರ ರಾತ್ರಿ ಹಾಗೆಯೇ ನಿಂತಿದ್ದೆ. ಜೀಪಿನಿಂದ ಇಳಿದವನನ್ನು ಕೇಳಿದೆ, "ಯಾಕೆ ಹಿಡಿದಿದ್ದೀವಿ ಅಂತ ನಿನಗೆ ಬರೆದು ಕೊಟ್ಟಿದ್ದಾರಾ?" ಜೇಬಿನಿಂದ ಒಂದು ಹಾಳೆ ತೆಗೆದ. ಅದರಲ್ಲಿ ಬರೀ ಕಲಂ ನಂಬರುಗಳು, ಅವನು ಏನು ಮಾಡಿದ ಅನ್ನುವ ಒಂದು ಸಾಲೂ ಇಲ್ಲ. ಆ ವರ್ಷ ಫೆಬ್ರವರಿಯಲ್ಲೇ ವಿಹಾನ್ ಕುಮಾರ್ ತೀರ್ಪು ಬಂದಿತ್ತು. ಬಂಧನದ ಕಾರಣವನ್ನು ಅರ್ಥವಾಗುವ ಭಾಷೆಯಲ್ಲಿ ತಿಳಿಸದಿದ್ದರೆ ಬಂಧನವೇ ಕೆಡುತ್ತದೆ, ಚಾರ್ಜ್‌ಶೀಟ್ ಬಂದರೂ ಆ ತಪ್ಪು ಸರಿಯಾಗುವುದಿಲ್ಲ ಅನ್ನುವ ತೀರ್ಪು ಅದು. ಅಲ್ಲೇ ಕೈಬರಹದಲ್ಲಿ ಎರಡು ಪುಟದ ಆಕ್ಷೇಪಣೆ ಬರೆದು ಕೊಟ್ಟೆ. ಹಾಳೆಯನ್ನೂ ಲಗತ್ತಿಸಿದೆ. ರಿಮಾಂಡ್ ಆಯಿತು. ಆದರೆ ಆಕ್ಷೇಪಣೆ ಕೊಟ್ಟದ್ದು ಆರ್ಡರ್ ಶೀಟಿನಲ್ಲಿ ದಾಖಲಾಯಿತು. ಮರುದಿನ ಅದರ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಅದನ್ನೇ ಆಧಾರ ಮಾಡಿ ಜಾಮೀನು ಕೇಳಿದೆ. ಸರ್ಕಾರಿ ವಕೀಲರು ಕಾರಣವನ್ನು ಬಾಯಿಮಾತಿನಲ್ಲಿ ಹೇಳಿದ್ದರು ಅಂತ ವಾದಿಸಿದರು. ನ್ಯಾಯಾಧೀಶರು ಆರ್ಡರ್ ಶೀಟನ್ನು ಎರಡು ಸಲ ಓದಿದರು. ನಾಲ್ಕನೇ ದಿನ ಸಂಜೆ ಅವನು ಮನೆಯಲ್ಲಿದ್ದ.