ರೀಸೆಟ್ ಮಾಡಿದ ಮೇಲೆ ಆನ್ ಆಗದ ಕಂಪ್ಯೂಟರ್: ನನ್ನ ಎರಡು ದಿನದ ಪಾಡು

ಮೈಸೂರಿನ ಅಗ್ರಹಾರದ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕರಾರುಪತ್ರದ ಟೈಪಿಂಗು, ಕಾಲೇಜು ಮಕ್ಕಳ ಪ್ರಾಜೆಕ್ಟು. ಇರೋ ಎರಡು ಸಿಸ್ಟಮ್‌ಗಳಲ್ಲಿ ಹಳೆಯದರಲ್ಲಿ ಇನ್ನೂ ವಿಂಡೋಸ್ 7. ಮೈಕ್ರೋಸಾಫ್ಟ್‌ನವರು 2020ರ ಜನವರಿಯಲ್ಲೇ ಅದರ ಕೈಬಿಟ್ಟರು, ನನಗೆ ಬಿಡಲಾಗಲಿಲ್ಲ. ಹದಿನೈದು ವರ್ಷದ ಪತ್ರಿಕೆಗಳ ಮಾದರಿಯೆಲ್ಲ ಪೇಜ್‌ಮೇಕರ್ 7ರಲ್ಲಿ, ಹಳೇ ನುಡಿ ಅಕ್ಷರದಲ್ಲಿ, ಅದರ ಹೊಟ್ಟೆಯೊಳಗೇ ಇವೆ. ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ, ಅಷ್ಟೇ.

ಫೋಟೋ ಇರುವ ಕಾರ್ಡು ತೆರೆದರೆ ಸಾಕು, ಏದುಸಿರು ಬಿಡುತ್ತಿತ್ತು. ಗೆಳೆಯನ ಹಳೇ ಸಿಸ್ಟಮ್‌ನಿಂದ 4 ಜಿಬಿಯ ಡಿಡಿಆರ್3 ರ‍್ಯಾಮ್ ಸಿಕ್ಕಿತು. ಮದುವೆ ಸೀಸನ್ನಿನ ಮಧ್ಯೆ ಇಂಥ ಕೆಲಸಕ್ಕೆ ಕೈಹಾಕಿದ್ದೇ ಮೊದಲ ತಪ್ಪು. ಹಾಕಿದೆ, ಫ್ಯಾನ್ ತಿರುಗಿತು, ಡಿಸ್‌ಪ್ಲೇ ಬರಲಿಲ್ಲ. ತೆಗೆದೆ, ಆಗಲೂ ಬರಲಿಲ್ಲ. ಒಂದು ವಿಡಿಯೋದಲ್ಲಿ ಸಿಮೋಸ್ ರೀಸೆಟ್ ಮಾಡಿ ಅಂದಿದ್ದರು. ಸಿಮೋಸ್ ಅಂದರೆ ತಾರೀಖು, ಹಾರ್ಡ್‌ಡಿಸ್ಕಿನಂಥ ಮೂಲ ಸೆಟ್ಟಿಂಗುಗಳನ್ನು ಬೋರ್ಡ್ ಒಂದು ಪುಟ್ಟ ಸೆಲ್ಲಿನ ಬಲದಿಂದ ನೆನಪಿಟ್ಟುಕೊಳ್ಳುವ ಜಾಗ. ರೀಸೆಟ್ ಮಾಡಿದರೆ ಅವೆಲ್ಲ ಅಳಿಸಿಹೋಗುತ್ತವೆ. ಮದರ್‌ಬೋರ್ಡ್ ಮೇಲೆ ಸೆಲ್ಲಿನ ಪಕ್ಕ ಮೂರು ಪಿನ್ನು, ಎರಡಕ್ಕೆ ಮುಚ್ಚಿದ ಚಿಕ್ಕ ಪ್ಲಾಸ್ಟಿಕ್ ಟೋಪಿ. ಅದೇ ಜಂಪರ್. ಪವರ್ ಕಾರ್ಡ್ ಕಿತ್ತು, ಟೋಪಿಯನ್ನು ಒಂದು ಪಿನ್ ಆಚೆ ಸರಿಸಿ, ಹತ್ತು ಸೆಕೆಂಡ್ ಬಿಡಬೇಕು. ಸರಿಸಿದೆ. ಅಷ್ಟರಲ್ಲಿ ಗಿರಾಕಿಯೊಬ್ಬರು ಪ್ರೂಫ್ ಹಿಡಿದು ಬಂದರು. "ಸಾರ್, ಹುಡುಗನ ತಾತನ ಹೆಸ್ರೇ ಬಿಟ್ಹೋಗಿದೆ! ನಮ್ಮನೇಲಿ ದೊಡ್ಡ ಗಲಾಟೆ ಆಗೋಗುತ್ತೆ." ಅವರನ್ನು ಸಮಾಧಾನ ಮಾಡಿ ಕಳಿಸಿ, ಕ್ಯಾಬಿನೆಟ್ ಮುಚ್ಚಿ, ಬಟನ್ ಒತ್ತಿದೆ.

ಏನೂ ಇಲ್ಲ. ಮೊದಲು ಫ್ಯಾನಾದರೂ ತಿರುಗುತ್ತಿತ್ತು, ಈಗ ಅದೂ ಇಲ್ಲ.

ಬೆಳಿಗ್ಗೆ ರಿಪೇರಿಯವರೊಬ್ಬರು ಬಂದರು. ಬಟನ್ ಎರಡು ಸಲ ಒತ್ತಿ ನೋಡಿ, "ಬೋರ್ಡ್ ಹೋಗಿದೆ ಸಾರ್. ಇಷ್ಟು ಹಳೇದಕ್ಕೆ ದುಡ್ಡು ಹಾಕ್ಬೇಡಿ, ಹೊಸದು ತಗೊಳ್ಳಿ" ಅಂದರು. ಕ್ಯಾಬಿನೆಟ್ ತೆರೆದೂ ನೋಡಲಿಲ್ಲ. ನನಗೆ ಅದೇ ಅನುಮಾನ. ಹೋಗಿದ್ದರೆ ಹೋಗಲಿ, ಯಾವುದು ಹೋಗಿದೆ ಅಂತ ಗೊತ್ತಾಗಬೇಕಲ್ಲ? ಮನೆಯಿಂದ ಮಲ್ಟಿಮೀಟರ್ ತಂದೆ.

ಗೋಡೆಯ ಸಾಕೆಟ್, ಕಾರ್ಡ್ ಎರಡೂ ಸರಿ ಇದ್ದವು. ಕಾರ್ಡನ್ನು ಮಾನಿಟರಿಗೆ ಹಾಕಿದರೆ ಅದು ಹತ್ತಿತು. ಆಮೇಲೆ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಬೋರ್ಡಿಗೆ ಬೇಕಾದ ಸಣ್ಣ ವೋಲ್ಟಿಗೆ ಇಳಿಸಿಕೊಡುವ ಡಬ್ಬಿ. ಅದರಿಂದ ಬೋರ್ಡಿಗೆ ಬರುವ 24 ಪಿನ್ನಿನ ದಪ್ಪ ಕನೆಕ್ಟರ್‌ನಲ್ಲಿ ನೇರಳೆ ವೈರ್ ಒಂದಿದೆ. ಕಂಪ್ಯೂಟರ್ ಆಫ್ ಆಗಿದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಅದರಲ್ಲಿ 5 ವೋಲ್ಟ್ ಇರಬೇಕು. ಬಟನ್ ಒತ್ತಿದ್ದು ಬೋರ್ಡಿಗೆ ತಿಳಿಯುವುದೇ ಆ 5 ವೋಲ್ಟಿನಿಂದ. ಕಪ್ಪು ಪ್ರೋಬನ್ನು ಕಪ್ಪು ವೈರಿಗೆ, ಕೆಂಪು ಪ್ರೋಬನ್ನು ಕನೆಕ್ಟರ್ ಹಿಂಬದಿಯಿಂದ ನೇರಳೆಗೆ ತೂರಿಸಿದೆ. 5.04. ಬೋರ್ಡಿನ ಮೂಲೆಯಲ್ಲಿ ಸಣ್ಣ ಹಸಿರು ಎಲ್‌ಇಡಿ ಕೂಡ ಉರಿಯುತ್ತಿತ್ತು. ಹಿಂದಿನ ರಾತ್ರಿಯಿಂದಲೂ ಉರಿಯುತ್ತಲೇ ಇತ್ತು, ನೋಡಿದವರು ಯಾರು!

ಇನ್ನೊಂದು ಪರೀಕ್ಷೆ ಕ್ಲಿಪ್ಪಿನದು. ಪವರ್ ಕಿತ್ತು, ದಪ್ಪ ಕನೆಕ್ಟರನ್ನು ಬೋರ್ಡಿನಿಂದ ಬಿಚ್ಚಿ, ಪೇಪರ್ ಕ್ಲಿಪ್ಪನ್ನು ಯು ಆಕಾರಕ್ಕೆ ಬಗ್ಗಿಸಿ ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪಿಗೂ ಸೇರಿಸಿ, ಆಮೇಲೆ ಸ್ವಿಚ್ ಹಾಕಬೇಕು. ಹಸಿರು ವೈರ್ ಕಪ್ಪಿಗೆ ಸೇರಿದರೆ ಎಸ್‌ಎಂಪಿಎಸ್ ಶುರುವಾಗುತ್ತದೆ, ಬಟನ್ ಒತ್ತಿದಾಗ ಬೋರ್ಡ್ ಮಾಡುವುದೂ ಅದನ್ನೇ. ಎಸ್‌ಎಂಪಿಎಸ್ ಫ್ಯಾನ್ ಗರ್ರನೆ ತಿರುಗಿತು. ಹಳದಿ ವೈರಿನಲ್ಲಿ 12 ವೋಲ್ಟ್ ಇರಬೇಕು, 11.9 ಇತ್ತು. ಹಾಗಂತ ಇದನ್ನೇ ಪೂರ್ತಿ ನಂಬುವಂತಿಲ್ಲ. ಹೊರೆ ಇಲ್ಲದಾಗ ಚೆನ್ನಾಗಿದ್ದು, ಹೊರೆ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್‌ಗಳೂ ಇವೆ. ಒಂದು ಮಾತು: ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ನಮ್ಮ 230 ವೋಲ್ಟ್ ಒಳಗೆ ಡಿಸಿ ಆದಾಗ 300 ದಾಟುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಕೆಪಾಸಿಟರ್‌ನಲ್ಲಿ ಕೂತಿರುತ್ತದೆ.

ಕ್ಯಾಬಿನೆಟ್ಟಿನ ಬಟನ್ನೇ ಕೆಟ್ಟಿರಬಹುದೇ? ಬಟನ್ನಿನ ವೈರ್ ಕಿತ್ತು, ಬೋರ್ಡಿನ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಅರೆಕ್ಷಣ ಮುಟ್ಟಿಸಿದೆ. ಉತ್ತರವಿಲ್ಲ.

ಅಂದರೆ ಕರೆಂಟ್ ಬರುತ್ತಿದೆ, ಎಸ್‌ಎಂಪಿಎಸ್ ಸಿದ್ಧವಿದೆ, ಬೋರ್ಡ್ ಮಾತ್ರ ಹಸಿರು ವೈರನ್ನು ಕರೆಯುತ್ತಿಲ್ಲ. ಆಗ ನಿಜವಾಗಿಯೂ ಬೋರ್ಡ್ ಹೋಗಿದೆ ಅಂದುಕೊಂಡು, ಸೆಲ್ಲಾದರೂ ನೋಡೋಣ ಅಂತ ಮೊಬೈಲ್ ಟಾರ್ಚ್ ಹಿಡಿದು ಬಗ್ಗಿದೆ. ಮೂರು ಪಿನ್ನಿನ ಒಂದು ತುದಿಯಲ್ಲಿ ಬಿಳಿ ಬಣ್ಣದ ಪುಟ್ಟ ತ್ರಿಕೋನ, ಅದು ಒಂದನೇ ಪಿನ್ನಿನ ಗುರುತು. ತ್ರಿಕೋನದ ಪಕ್ಕದ ಪಿನ್ನು ಬೋಳಾಗಿತ್ತು. ಟೋಪಿ ಆಚೆ ಕಡೆಯ ಎರಡರ ಮೇಲೆ ಆರಾಮಾಗಿ ಕೂತಿತ್ತು. ತಾತನ ಹೆಸರಿನ ಗಲಾಟೆಯಲ್ಲಿ ಅದನ್ನು ವಾಪಸ್ ತರೋದೇ ಮರೆತಿದ್ದೆ!

ಟೋಪಿ ಆ ಜಾಗದಲ್ಲಿದ್ದಷ್ಟು ಹೊತ್ತೂ ರೀಸೆಟ್ ಮುಗಿದಿರುವುದಿಲ್ಲ, ನಡೆಯುತ್ತಲೇ ಇರುತ್ತದೆ. ಆ ಸ್ಥಿತಿಯಲ್ಲಿ ಬಹಳಷ್ಟು ಬೋರ್ಡುಗಳು ಪವರ್ ಬಟನ್ನಿಗೆ ಕಿವಿಗೊಡುವುದೇ ಇಲ್ಲ. ಕಾರ್ಡ್ ಕಿತ್ತು, ಚಿಮಟದಿಂದ ಟೋಪಿಯನ್ನು ತ್ರಿಕೋನದ ಕಡೆಗೆ ತಂದೆ. 3 ವೋಲ್ಟ್ ಇರಬೇಕಾದ ಸೆಲ್ 2.6 ತೋರಿಸುತ್ತಿದ್ದರಿಂದ ಹೊಸ ಸಿಆರ್2032 ಹಾಕಿದೆ. 20 ಮಿಲಿಮೀಟರ್ ಅಗಲ, 3.2 ದಪ್ಪ, ಹೆಸರಿನಲ್ಲೇ ಅಳತೆ ಇದೆ. ಬಟನ್ ಒತ್ತಿದರೆ ಫ್ಯಾನ್ ಶುರು.

ಡಿಸ್‌ಪ್ಲೇ ಮಾತ್ರ ಇನ್ನೂ ಇಲ್ಲ. ಇದು ಮೊದಲಿನ ರೋಗ. ಹಳೇ ರ‍್ಯಾಮಿನ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸ್ಲಾಟಿನ ಧೂಳನ್ನು ಬ್ರಷ್ಷಿನಿಂದ ಕೊಡವಿ, ಎರಡೂ ಕಡೆ ಕಟ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಪರದೆ ಮೇಲೆ ಸಿಮೋಸ್ ಚೆಕ್‌ಸಮ್ ಎರರ್. ಇಷ್ಟು ಖುಷಿ ಕೊಟ್ಟ ಎರರನ್ನು ನಾನು ಇನ್ನೊಂದು ಕಂಡಿಲ್ಲ. ತಾರೀಖು ಸರಿಮಾಡಿ ಮುಂದೆ ಹೋದರೆ ವಿಂಡೋಸ್ ಲೋಗೋ ಬಂದಂತೆ ಮಾಡಿ ನೀಲಿ ಪರದೆ, ಕೊನೆಯಲ್ಲಿ 7ಬಿ, ಅಂದರೆ ವಿಂಡೋಸ್‌ಗೆ ತಾನಿರುವ ಡಿಸ್ಕೇ ಸಿಗುತ್ತಿಲ್ಲ. ರೀಸೆಟ್ ಆದಾಗ ಹಾರ್ಡ್‌ಡಿಸ್ಕಿನ ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ಎಎಚ್‌ಸಿಐನಿಂದ ಐಡಿಇಗೆ ಮರಳಿತ್ತು. ಇಲ್ಲಿ ಹೆದರಿ ವಿಂಡೋಸ್ ಹೊಸದಾಗಿ ಹಾಕಿ ಫೈಲುಗಳನ್ನು ಕಳೆದುಕೊಂಡವರನ್ನು ನಾನು ಬಲ್ಲೆ. ಬಯೋಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪರದೆಗೆ ಹೋಗಿ ಮತ್ತೆ ಎಎಚ್‌ಸಿಐ ಮಾಡಿದೆ, ತೆರೆದುಕೊಂಡಿತು.

ತಾತನ ಹೆಸರು ಸೇರಿಸಿ ಹೊಸ ಪ್ರೂಫ್ ತೆಗೆದಾಗ ಸಂಜೆ ಏಳೂವರೆ. ಆ 4 ಜಿಬಿ ರ‍್ಯಾಮ್ ಮಾತ್ರ ಡ್ರಾಯರ್‌ನಲ್ಲೇ ಇದೆ, ಆಷಾಢ ಬರಲಿ ಅಂತ ಕಾಯುತ್ತಿದ್ದೇನೆ.