ಮೀಟರ್ 18 ತೋರಿಸಿದ ದಿನ

ಮೇಜು ಕೊಡಲು ಇನ್ನೂ 20 ದಿನ ಇತ್ತು. ಕೊಯ್ಯುವ ಮುಂಚೆ ಹಲಗೆಗೆ ತೇವಾಂಶದ ಮೀಟರ್ ಒತ್ತಿ ನೋಡಿದೆ. 18 ತೋರಿಸಿತು. ಮನೆ, ಕಚೇರಿ ಒಳಗೆ ಇಡುವ ಪೀಠೋಪಕರಣಕ್ಕೆ ಮರದ ತೇವಾಂಶ ಸಾಮಾನ್ಯವಾಗಿ ಶೇ. 8ರಿಂದ 12ರೊಳಗೆ ಇರಬೇಕು. ಅದಕ್ಕಿಂತ ಹಸಿ ಇದ್ದರೆ ಮರ ಆಮೇಲೆ ಒಣಗುತ್ತಾ ಕುಗ್ಗುತ್ತದೆ. ಹಲಗೆ ಬಾಗುತ್ತದೆ, ಸಂದು ಬಿಡುತ್ತದೆ. ಆದರೆ ಕೊಡುವ ದಿನ ಇದ್ಯಾವುದೂ ಕಾಣುವುದಿಲ್ಲ. ಪಾಲಿಶ್ ಹೊಡೆದರೆ ಫಳಫಳ ಹೊಳೆಯುತ್ತದೆ. ಬಿರುಕು ಕಾಣುವುದು ತಿಂಗಳುಗಳಾದ ಮೇಲೆ, ಅಷ್ಟರಲ್ಲಿ ಹಣ ಕೈ ಸೇರಿರುತ್ತದೆ.

ಉದ್ಯಮ ಶುರುಮಾಡಿ ಒಂದು ವರ್ಷವೂ ಆಗಿರಲಿಲ್ಲ. ಒಂದು ಕಚೇರಿಗೆ 14 ಮೇಜು, ಅಲ್ಲಿಯವರೆಗಿನ ದೊಡ್ಡ ಆರ್ಡರ್ ಅದು. ಹಸಿ ಮರದಲ್ಲಿ ಮಾಡಿಕೊಡುವುದಿಲ್ಲ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಆದರೆ ಗಿರಾಕಿಗೆ ಹೇಳಲು ಮೂರು ದಿನ ತೆಗೆದುಕೊಂಡೆ. ಹೇಗೆ ಹೇಳಲಿ, ಆರ್ಡರ್ ಕೈತಪ್ಪಿದರೆ ಏನು ಗತಿ ಎಂದು ಯೋಚಿಸುತ್ತಾ ಕೂತೆ. ನಾಲ್ಕನೇ ದಿನ ಫೋನ್ ಮಾಡಿದೆ.

"ಸರ್, ಮರ ಇನ್ನೂ ಹಸಿ ಇದೆ. ಒಣಗಿಸಿ ಕೆಲಸ ಮಾಡಬೇಕು. ಮೂರು ವಾರ ತಡ ಆಗುತ್ತೆ."

ಅವರು ಬೈಯಲಿಲ್ಲ. "ಇದು ನಿಮಗೆ ಯಾವತ್ತು ಗೊತ್ತಾಯ್ತು?" ಎಂದು ಮಾತ್ರ ಕೇಳಿದರು. ಮೂರು ದಿನ ಆಯಿತು ಎಂದೆ.

"ಅವತ್ತೇ ಹೇಳಬಾರದಿತ್ತಾ? ಹೊಸಬರು ಕೆಲಸಕ್ಕೆ ಸೇರುವ ದಿನ ಗೊತ್ತುಮಾಡಿ ನಿನ್ನೆ ತಾನೇ ಪತ್ರ ಕಳಿಸಿದೆವು."

ಮೇಜು ಚೆನ್ನಾಗಿಯೇ ಬಂದವು. ಪೂರ್ತಿ ಹಣವನ್ನೂ ಕೊಟ್ಟರು. ಆದರೆ ಮತ್ತೊಂದು ಆರ್ಡರ್ ಅಲ್ಲಿಂದ ಬರಲಿಲ್ಲ. ಅದು ಆ ಮೂರು ದಿನಕ್ಕೆ ನಾನು ತೆತ್ತ ಬೆಲೆ ಎಂದೇ ಇವತ್ತಿಗೂ ನಂಬಿದ್ದೇನೆ.

ಅಲ್ಲಿಯವರೆಗೆ ನಾನು ಪ್ರಾಮಾಣಿಕ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಸುಳ್ಳು ಹೇಳಿದವನಲ್ಲ, ಕಳಪೆ ಮಾಲು ಕೊಟ್ಟವನಲ್ಲ. ಆದರೆ ಕೆಟ್ಟ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಹೇಳುವುದು ನನಗೆ ಬರುತ್ತಿರಲಿಲ್ಲ. ಉಳಿ ಹಿಡಿಯುವುದನ್ನು ಕಲಿತ ಹಾಗೆ ಅದನ್ನೂ ಕೂತು ಕಲಿಯಬೇಕಾಯಿತು.

ಒಂದು ನೋಟ್‌ಬುಕ್ ಇಟ್ಟೆ. ರಾತ್ರಿ ಬಾಗಿಲು ಹಾಕುವ ಮುಂಚೆ ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೆ: ಇವತ್ತು ಯಾರಿಗೆ ಏನನ್ನು ಹೇಳದೆ ಉಳಿಸಿಕೊಂಡೆ? ಮೊದಲ ವಾರ ದಿನಕ್ಕೆ ನಾಲ್ಕೈದು ಸಾಲು ಬಂದವು. ಸಂಬಳ ಎರಡು ದಿನ ತಡ ಆಗುತ್ತದೆ ಎಂದು ಗೊತ್ತಿದ್ದೂ ಹುಡುಗರಿಗೆ ಹೇಳಿರಲಿಲ್ಲ. ಮರದ ವ್ಯಾಪಾರಿಗೆ 'ನೋಡೋಣ' ಅಂದಿದ್ದೆ, ಕೊಳ್ಳುವುದಿಲ್ಲ ಎಂದು ಮನಸ್ಸಲ್ಲಿ ಆಗಲೇ ತೀರ್ಮಾನವಾಗಿತ್ತು. ಒಬ್ಬ ಬಡಗಿ ಮಾಡಿದ ಡ್ರಾಯರ್ ಸರಿ ಬಂದಿರಲಿಲ್ಲ. ಅವನಿಗೆ ಬೇಜಾರಾದೀತು ಎಂದು ರಾತ್ರಿ ನಾನೇ ಕೂತು ಸರಿಮಾಡಿದ್ದೆ. ಅವನು ಮುಂದಿನದನ್ನೂ ಹಾಗೇ ಮಾಡಿದ. ತಪ್ಪು ಅವನದಲ್ಲ ಅಲ್ವಾ? ಹೇಳಿದ್ದರೆ ತಾನೇ ಅವನಿಗೆ ಗೊತ್ತಾಗುವುದು.

ಬರೆದದ್ದನ್ನು ಮರುದಿನ ಬೆಳಿಗ್ಗೆ, ಬೇರೆ ಕೆಲಸ ಮುಟ್ಟುವ ಮುಂಚೆ ಹೇಳಿಬಿಡಬೇಕು ಅಂತ ನಿಯಮ ಮಾಡಿಕೊಂಡೆ. ಆರಂಭದಲ್ಲಿ ಗಂಟಲು ಕಟ್ಟುತ್ತಿತ್ತು. ಚಿಕ್ಕ ವಿಷಯ ಹೇಳಿ ಹೇಳಿ ಅಭ್ಯಾಸ ಆದ ಮೇಲೆ ದೊಡ್ಡದೂ ಬಾಯಿಗೆ ಬರತೊಡಗಿತು. ಸುಮಾರು ಒಂದು ವರ್ಷ ಹಿಡಿಯಿತು.

ಉದ್ಯಮಿಯ ಗುಣ ಹುಟ್ಟಿನಿಂದಲೇ ಬರುತ್ತದೆ ಎನ್ನುವವರು ಜಾಸ್ತಿ. ಹಾಗೇನಿಲ್ಲ. ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ಸಾಧಿಸುವ ಹಂಬಲ ಬೆಳೆಸಿಕೊಳ್ಳುವುದನ್ನು ಕಲಿಸಿ ನೋಡಿದರು. ತರಬೇತಿ ಪಡೆದವರು ಆಮೇಲೆ ವ್ಯವಹಾರದಲ್ಲಿ ಹೆಚ್ಚು ಚುರುಕಾದರು. ಅವರದೇ ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಗೂಟಕ್ಕೆ ಬಳೆ ಎಸೆಯುವ ಆಟ. ಎಲ್ಲಿ ಬೇಕಾದರೂ ನಿಂತು ಎಸೆಯಬಹುದು. ಸಾಧಿಸುವ ಹಂಬಲ ಹೆಚ್ಚಿದ್ದವರು ಗೂಟದ ಪಕ್ಕದಲ್ಲೂ ನಿಲ್ಲಲಿಲ್ಲ, ಬಹಳ ದೂರವೂ ಹೋಗಲಿಲ್ಲ. ಕಷ್ಟಪಟ್ಟರೆ ಬೀಳಬಹುದು ಎನ್ನುವಷ್ಟು ದೂರದಲ್ಲಿ ನಿಂತರು.

ನಾನು ಮೊದಲು ತೀರಾ ದೂರ ನಿಂತು ಎಸೆಯುತ್ತಿದ್ದೆ. ಹೊಸ ಯಂತ್ರ ಕೊಳ್ಳುವಾಗ ಎಷ್ಟು ಲಾಭ ಬಂದೀತು ಎಂದಷ್ಟೇ ಲೆಕ್ಕ ಹಾಕುತ್ತಿದ್ದೆ. ಸರಸ್ ಸರಸ್ವತಿ ಎಂಬ ಸಂಶೋಧಕಿ ಅನುಭವಿ ಉದ್ಯಮಿಗಳು ಯೋಚಿಸುವ ರೀತಿಯನ್ನು ಅಧ್ಯಯನ ಮಾಡಿದ್ದಾರೆ. ಎಷ್ಟು ಗಳಿಸಬಹುದು ಎನ್ನುವುದಕ್ಕಿಂತ ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಲ್ಲೆ ಎಂದು ಅವರು ಮೊದಲು ನೋಡುತ್ತಾರಂತೆ. ಅದನ್ನು ಓದಿದ ಮೇಲೆ ಆ ಮೊತ್ತವನ್ನು ಮನೆಯವರ ಜೊತೆ ಕೂತು ಬರೆದಿಟ್ಟೆ. ಹೆಂಡತಿ ಹೇಳಿದ ಅಂಕಿ ನನ್ನದರ ಅರ್ಧ ಇತ್ತು. ಅವಳದೇ ಸರಿ.

ಮುಂಗಡದ ಬಗ್ಗೆಯೂ ಹೇಳಲೇಬೇಕು. ಗಿರಾಕಿ ಕೊಟ್ಟ ಮುಂಗಡವನ್ನು ನನ್ನ ಗಳಿಕೆ ಎಂದುಕೊಂಡು ಹಿಂದಿನ ಆರ್ಡರ್‌ನ ಸಾಲಕ್ಕೆ ಕಟ್ಟುತ್ತಿದ್ದೆ. ಲೆಕ್ಕಪತ್ರದಲ್ಲಿ ಮುಂಗಡವನ್ನು ಬರೆಯುವುದು ನಾವು ತೀರಿಸಬೇಕಾದ ಬಾಕಿಯ ಕಡೆಗೆ. ಮಾಲು ಕೊಡುವವರೆಗೂ ಅದು ಅವರ ಹಣವೇ. ಈಗ ಮುಂಗಡಕ್ಕೆ ಬೇರೆ ಬ್ಯಾಂಕ್ ಖಾತೆ ಇದೆ. ಆ ಆರ್ಡರ್‌ನ ಮರ, ಕೂಲಿ ಬಿಟ್ಟು ಬೇರೆ ಯಾವುದಕ್ಕೂ ಅದರಿಂದ ತೆಗೆಯುವುದಿಲ್ಲ. ಮೊದಲ ಆರು ತಿಂಗಳು ಕೈ ತುಂಬಾ ಬಿಗಿಯಾಯಿತು. ಆದರೆ ಒಂದು ಆರ್ಡರ್ ರದ್ದಾದಾಗ, ಖರ್ಚಾಗದೆ ಉಳಿದಿದ್ದ ಮುಂಗಡವನ್ನು ಅವತ್ತೇ ವಾಪಸ್ ಕೊಡಲು ಸಾಧ್ಯವಾಯಿತು.

ಆಗುವುದಿಲ್ಲ ಎನ್ನುವುದು ನನಗೆ ಇನ್ನೂ ಪೂರ್ತಿ ಬಂದಿಲ್ಲ. ಅದಕ್ಕೆ ಯಾವ ಆರ್ಡರನ್ನೂ ಫೋನಿನಲ್ಲೇ ಒಪ್ಪಿಕೊಳ್ಳುವುದಿಲ್ಲ. ಒಂದು ದಿನ ಬಿಟ್ಟು ಹೇಳುತ್ತೇನೆ ಎನ್ನುತ್ತೇನೆ, ಅಷ್ಟರಲ್ಲಿ ಕೆಲಸದವರನ್ನು ಕೇಳುತ್ತೇನೆ.

ಈಗ ನಮ್ಮಲ್ಲಿ ಪ್ರತಿ ಹಲಗೆಯ ಮೇಲೂ ತೇವಾಂಶ, ತಾರೀಖು ಎರಡನ್ನೂ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗ ಮೀಟರ್ ಹಿಡಿದುಕೊಂಡೇ ಒಳಗೆ ಬಂದ. "ಅಣ್ಣ, ಕಪಾಟಿನ ಹಲಗೆ 15 ಇದೆ. ಅವರಿಗೆ ಈಗಲೇ ಫೋನ್ ಮಾಡ್ತೀರಾ?" ಎಂದು ಕೇಳಿದ. ಅವನು ಅಲ್ಲೇ ನಿಂತಿರುವಾಗಲೇ ಮಾಡಿದೆ.